ಇಂಟರ್‌ಲಿಂಗ್ವಾ

ಇಂಟರ್‌ಲಿಂಗ್ವಾ ಎಂಬುದು 1951ರಲ್ಲಿ ಪ್ರಕಟವಾದ ಒಂದು ನಿರ್ಮಿತ ಭಾಷೆ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ನೆಲೆಗೊಂಡಿದ್ದ ಅಂತರರಾಷ್ಟ್ರೀಯ ಸಹಾಯಕ ಭಾಷಾ ಸಂಘವು ಇದನ್ನು ರೂಪಿಸಿತು. ಬೇರೆ ಬೇರೆ ಮಾತೃಭಾಷೆಗಳ ಜನರು ಪರಸ್ಪರ ವ್ಯವಹರಿಸಲು ಬಳಸುವ ಎರಡನೆಯ ಭಾಷೆಗೆ ಸಹಾಯಕ ಭಾಷೆ ಎಂದು ಹೆಸರು. ಇಂಟರ್‌ಲಿಂಗ್ವಾದ ಶಬ್ದಸಂಪತ್ತು ಮತ್ತು ವಾಕ್ಯರಚನೆಗಳು ಲ್ಯಾಟಿನ್ ಮೂಲದ ರೋಮಾನ್ಸ್ ಭಾಷೆಗಳಾದ ಇಟಾಲಿಯನ್, ಸ್ಪ್ಯಾನಿಷ್, ಪೋರ್ಚುಗೀಸ್ ಹಾಗೂ ಫ್ರೆಂಚ್‌ಗಳನ್ನು ಬಹುಮಟ್ಟಿಗೆ ಹೋಲುತ್ತವೆ. ಆದ್ದರಿಂದ ಇದನ್ನು ನಿರ್ಮಿತ ರೋಮಾನ್ಸ್ ಭಾಷೆಗಳ ಗುಂಪಿನಲ್ಲಿ ಸೇರಿಸಲಾಗುತ್ತದೆ. ರೋಮಾನ್ಸ್ ಭಾಷೆಯೊಂದನ್ನು ಬಲ್ಲವರು ಈ ಭಾಷೆಯನ್ನು ಕಲಿಯದೆಯೇ ಓದಿ ಅರ್ಥಮಾಡಿಕೊಳ್ಳಬಲ್ಲರು ಎಂಬುದು ಇದರ ಮುಖ್ಯ ಹೆಗ್ಗಳಿಕೆ. ಕನ್ನಡದಂತಹ ದ್ರಾವಿಡ ಭಾಷೆಯನ್ನಾಡುವವರಿಗೆ ಈ ಅನುಕೂಲ ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದು ಭಾಷೆಯ ಕುರಿತ ಚರ್ಚೆಯಲ್ಲಿ ಮುಖ್ಯವಾದ ಪ್ರಶ್ನೆ.

ಈ ಲೇಖನದಲ್ಲಿ ಇಂಟರ್‌ಲಿಂಗ್ವಾದ ಪದಗಳನ್ನು ಉಚ್ಚಾರಣೆಗೆ ಸಮೀಪವಾಗಿ ಕನ್ನಡ ಲಿಪಿಯಲ್ಲಿ ಬರೆಯಲಾಗಿದೆ. ಮೂಲದಲ್ಲಿ ಈ ಭಾಷೆಯನ್ನು 26 ಅಕ್ಷರಗಳ ರೋಮನ್ ಲಿಪಿಯಲ್ಲಿ ಬರೆಯುತ್ತಾರೆ.

ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೈಲು, ತಂತಿ ಹಾಗೂ ಅಂಚೆಯ ವ್ಯವಸ್ಥೆಗಳು ದೇಶದೇಶಗಳನ್ನು ಹತ್ತಿರ ತಂದವು. ವಿಜ್ಞಾನ ಮತ್ತು ವ್ಯಾಪಾರಕ್ಕೆ ಒಂದು ಸಾಮಾನ್ಯ ಭಾಷೆ ಬೇಕೆಂಬ ವಿಚಾರ ಯುರೋಪಿನಲ್ಲಿ ಬಲಗೊಂಡಿತು. ಜರ್ಮನಿಯ ಪಾದ್ರಿ ಯೋಹಾನ್ ಮಾರ್ಟಿನ್ ಶ್ಲೇಯರ್ 1880ರಲ್ಲಿ ವೊಲಾಪ್ಯೂಕ್ ಭಾಷೆಯನ್ನು ಪ್ರಕಟಿಸಿದರು. 1887ರಲ್ಲಿ ಎಲ್. ಎಲ್. ಜಾಮೆನ್‌ಹಾಫ್ ಅವರ ಎಸ್ಪೆರಾಂಟೊ ಬಂದಿತು. 1903ರಲ್ಲಿ ಇಟಲಿಯ ಗಣಿತಜ್ಞ ಜುಸೆಪ್ಪೆ ಪೆಯಾನೊ ಲ್ಯಾಟಿನ್ ಭಾಷೆಯ ವಿಭಕ್ತಿ ಮತ್ತು ಆಖ್ಯಾತ ಪ್ರತ್ಯಯಗಳನ್ನು ಕಳಚಿ ‘ಲಾಟಿನೊ ಸಿನೆ ಫ್ಲೆಕ್ಸಿಯೋನೆ’, ಎಂದರೆ ಪ್ರತ್ಯಯರಹಿತ ಲ್ಯಾಟಿನ್, ಎಂಬ ಭಾಷೆಯನ್ನು ಮುಂದಿಟ್ಟರು. 1922ರಲ್ಲಿ ಎಡ್ಗರ್ ಡಿ ವಾಲ್ ಅವರ ಆಕ್ಸಿಡೆಂಟಲ್ ಪ್ರಕಟವಾಯಿತು. 1928ರಲ್ಲಿ ಡೆನ್ಮಾರ್ಕಿನ ಭಾಷಾವಿಜ್ಞಾನಿ ಆಟ್ಟೊ ಯೆಸ್ಪರ್ಸನ್ ಅವರ ನೋವಿಯಾಲ್ ಬಂದಿತು.

ಇಷ್ಟು ಭಾಷೆಗಳಲ್ಲಿ ಯಾವುದು ಉತ್ತಮ ಎಂಬುದನ್ನು ಶಾಸ್ತ್ರೀಯವಾಗಿ ಪರಿಶೀಲಿಸುವ ಉದ್ದೇಶದಿಂದ 1924ರಲ್ಲಿ ಆಲಿಸ್ ವ್ಯಾಂಡರ್‌ಬಿಲ್ಟ್ ಮಾರಿಸ್ ಮತ್ತು ಅವರ ಪತಿ ಡೇವ್ ಹೆನ್ನೆನ್ ಮಾರಿಸ್ ಅವರು ಅಂತರರಾಷ್ಟ್ರೀಯ ಸಹಾಯಕ ಭಾಷಾ ಸಂಘವನ್ನು ಸ್ಥಾಪಿಸಿದರು. ಪ್ರಸಿದ್ಧ ಭಾಷಾವಿಜ್ಞಾನಿ ಎಡ್ವರ್ಡ್ ಸಪೀರ್ ಅವರು ಸಂಘದ ಆರಂಭದ ಸಂಶೋಧನಾ ನಿರ್ದೇಶಕರಾಗಿದ್ದರು. ಸಂಘದ ಮೊದಲ ಉದ್ದೇಶ ಹೊಸ ಭಾಷೆಯನ್ನು ಕಟ್ಟುವುದಾಗಿರದೆ ಇರುವವುಗಳನ್ನು ಹೋಲಿಸುವುದಾಗಿತ್ತು. ಕ್ರಮೇಣ ಸಂಶೋಧನೆಯೇ ಹೊಸ ಭಾಷೆಯತ್ತ ಹೊರಳಿತು. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ನಡೆಯುತ್ತಿದ್ದ ಪದಸಂಗ್ರಹದ ಕೆಲಸವನ್ನು ಎರಡನೆಯ ಮಹಾಯುದ್ಧದ ಕಾರಣದಿಂದ 1939ರಲ್ಲಿ ನ್ಯೂಯಾರ್ಕಿಗೆ ಸ್ಥಳಾಂತರಿಸಲಾಯಿತು. 1946ರಿಂದ 1948ರವರೆಗೆ ಫ್ರಾನ್ಸಿನ ಆಂದ್ರೆ ಮಾರ್ಟಿನೆ, ಅನಂತರ ಜರ್ಮನ್ ಮೂಲದ ಅಲೆಕ್ಸಾಂಡರ್ ಗೋಡೆ ಈ ಕೆಲಸದ ನೇತೃತ್ವ ವಹಿಸಿದರು. 1951ರಲ್ಲಿ ಸುಮಾರು 27,000 ಪದಗಳ ಇಂಟರ್‌ಲಿಂಗ್ವಾ–ಇಂಗ್ಲಿಷ್ ನಿಘಂಟು ಹಾಗೂ ಗೋಡೆ ಮತ್ತು ಹ್ಯೂ ಬ್ಲೇರ್ ಅವರು ರಚಿಸಿದ ವ್ಯಾಕರಣ ಗ್ರಂಥ ಹೊರಬಂದವು. ಸಂಘಕ್ಕೆ ಆರಂಭದಿಂದ ಆಧಾರವಾಗಿದ್ದ ಆಲಿಸ್ ಮಾರಿಸ್ ಅದರ ಹಿಂದಿನ ವರ್ಷವೇ ನಿಧನರಾಗಿದ್ದರು.

ರಚನೆಯ ವಿಧಾನ

ಇಂಟರ್‌ಲಿಂಗ್ವಾ ‘ಸೃಷ್ಟಿಸಿದ’ ಭಾಷೆಯಲ್ಲ, ಈಗಾಗಲೇ ಇರುವುದನ್ನು ‘ಹೆಕ್ಕಿ ತೆಗೆದ’ ಭಾಷೆ ಎಂಬುದು ಗೋಡೆ ಅವರ ನಿಲುವು. ಯುರೋಪಿನ ಭಾಷೆಗಳಲ್ಲಿ ಲ್ಯಾಟಿನ್ ಮತ್ತು ಗ್ರೀಕ್ ಮೂಲದ ಅಪಾರ ಸಾಮಾನ್ಯ ಪದಗಳಿವೆ. ಅವುಗಳನ್ನು ಕ್ರಮಬದ್ಧವಾಗಿ ಗುರುತಿಸಿದರೆ ಸಾಕು, ಹೊಸ ಪದಗಳನ್ನು ಹುಟ್ಟಿಸಬೇಕಾಗಿಲ್ಲ ಎಂಬುದು ಇದರ ಹಿಂದಿನ ತರ್ಕ.

ಇದಕ್ಕಾಗಿ ಇಂಗ್ಲಿಷ್, ಫ್ರೆಂಚ್, ಇಟಾಲಿಯನ್ ಹಾಗೂ ಸ್ಪ್ಯಾನಿಷ್–ಪೋರ್ಚುಗೀಸ್ ಎಂಬ ನಾಲ್ಕು ಆಕರಗಳನ್ನು ಆರಿಸಲಾಯಿತು. ಪರಸ್ಪರ ಬಹಳ ಹತ್ತಿರವಾಗಿರುವ ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್‌ಗಳನ್ನು ಒಂದೇ ಆಕರವೆಂದು ಎಣಿಸಲಾಗುತ್ತದೆ. ಒಂದು ಪದವು ಇವುಗಳಲ್ಲಿ ಮೂರರಲ್ಲಾದರೂ ಇದ್ದರೆ ಅದು ನಿಘಂಟಿಗೆ ಅರ್ಹ. ಕೊರತೆ ಬಿದ್ದಾಗ ಜರ್ಮನ್ ಮತ್ತು ರಷ್ಯನ್ ಭಾಷೆಗಳ ಸಾಕ್ಷ್ಯವನ್ನೂ ಪರಿಗಣಿಸಲಾಗುತ್ತದೆ. ಹೀಗೆ ಆರಿಸಿದ ಪದಕ್ಕೆ ಯಾವುದೇ ಒಂದು ಭಾಷೆಯ ಇಂದಿನ ರೂಪವನ್ನು ಕೊಡದೆ, ಎಲ್ಲ ರೂಪಗಳಿಗೂ ಮೂಲವಾಗಬಲ್ಲ ಮಾದರಿ ರೂಪವನ್ನು ಕೊಡುತ್ತಾರೆ. ಉದಾಹರಣೆಗೆ, ಕಣ್ಣು ಎಂಬುದಕ್ಕೆ ಇಟಾಲಿಯನ್ನಿನಲ್ಲಿ ‘ಒಕ್ಕಿಯೊ’, ಸ್ಪ್ಯಾನಿಷ್‌ನಲ್ಲಿ ‘ಓಹೊ’, ಪೋರ್ಚುಗೀಸ್‌ನಲ್ಲಿ ‘ಓಲ್ಯು’ ಎಂಬ ಪದಗಳಿವೆ. ಇವು ಒಂದರಂತೆ ಇನ್ನೊಂದು ಕಾಣುವುದಿಲ್ಲ. ಆದರೆ ಇವೇ ಭಾಷೆಗಳಲ್ಲಿ ಹಾಗೂ ಇಂಗ್ಲಿಷ್‌ನಲ್ಲಿ ಕಣ್ಣಿಗೆ ಸಂಬಂಧಿಸಿದ ಶಾಸ್ತ್ರೀಯ ಪದಗಳಲ್ಲಿ ‘ಒಕುಲ್’ ಎಂಬ ಭಾಗ ಉಳಿದಿದೆ. ಆದ್ದರಿಂದ ಇಂಟರ್‌ಲಿಂಗ್ವಾದಲ್ಲಿ ಕಣ್ಣಿಗೆ ‘ಓಕುಲೊ’ ಎನ್ನುತ್ತಾರೆ.

ವ್ಯಾಕರಣಕ್ಕೆ ಇದರ ವಿರುದ್ಧ ದಿಕ್ಕಿನ ನಿಯಮವನ್ನು ಅನುಸರಿಸಲಾಗಿದೆ. ಆಕರ ಭಾಷೆಗಳಲ್ಲಿ ಯಾವುದಾದರೂ ಒಂದರಲ್ಲಿ ಇಲ್ಲದ ವ್ಯಾಕರಣ ಅಂಶ ಇಂಟರ್‌ಲಿಂಗ್ವಾಕ್ಕೆ ಬೇಕಾಗಿಲ್ಲ. ಫ್ರೆಂಚ್, ಇಟಾಲಿಯನ್‌ಗಳಲ್ಲಿ ಮೇಜು, ಕುರ್ಚಿಗಳಿಗೂ ಸ್ತ್ರೀಲಿಂಗ, ಪುಲ್ಲಿಂಗಗಳಿವೆ. ಇಂಗ್ಲಿಷ್‌ನಲ್ಲಿ ಇಲ್ಲವಾದ್ದರಿಂದ ಆ ಭೇದ ಕೈಬಿಟ್ಟುಹೋಯಿತು. ಪದಗಳನ್ನು ಸೇರಿಸುವಾಗ ಬಹುಮತ ಸಾಕು, ವ್ಯಾಕರಣವನ್ನು ಸೇರಿಸುವಾಗ ಸರ್ವಾನುಮತ ಬೇಕು ಎಂದು ಈ ವಿಧಾನವನ್ನು ಸಂಗ್ರಹವಾಗಿ ಹೇಳಬಹುದು.

ಉಚ್ಚಾರಣೆ

ಅ, ಎ, ಇ, ಒ, ಉ ಎಂಬ ಐದು ಸ್ವರಗಳಿವೆ. ಹ್ರಸ್ವ ಮತ್ತು ದೀರ್ಘಗಳಿಂದ ಅರ್ಥ ಬದಲಾಗುವುದಿಲ್ಲ. ಕನ್ನಡದಲ್ಲಿ ‘ಕಲು’ ಮತ್ತು ‘ಕಾಲು’, ‘ಬಳೆ’ ಮತ್ತು ‘ಬಾಳೆ’ ಬೇರೆ ಬೇರೆಯಾದಂತೆ ಇಲ್ಲಿ ಆಗುವುದಿಲ್ಲ. ‘ತ’ ಮತ್ತು ‘ಟ’ಗಳಿಗೆ, ‘ದ’ ಮತ್ತು ‘ಡ’ಗಳಿಗೆ ಭೇದವಿಲ್ಲ. ಮಹಾಪ್ರಾಣಗಳಿಲ್ಲ. ಸಾಮಾನ್ಯವಾಗಿ ಪದದ ಕೊನೆಯ ವ್ಯಂಜನದ ಹಿಂದಿನ ಸ್ವರದ ಮೇಲೆ ಒತ್ತು ಬೀಳುತ್ತದೆ. ‘ಕಾಸ’ (ಮನೆ), ‘ಫ್ಲೂವಿಯೊ’ (ನದಿ) ಎಂಬಲ್ಲಿ ಮೊದಲ ಸ್ವರಕ್ಕೆ ಒತ್ತು. ಈ ಲೇಖನದಲ್ಲಿ ಒತ್ತು ಬೀಳುವ ಸ್ವರವನ್ನು ಸಾಧ್ಯವಾದೆಡೆ ದೀರ್ಘವಾಗಿ ಬರೆಯಲಾಗಿದೆ.

ನಾಮಪದ ಮತ್ತು ವಿಶೇಷಣ

ನಾಮಪದಗಳಿಗೆ ವ್ಯಾಕರಣ ಲಿಂಗವಿಲ್ಲ, ವಿಭಕ್ತಿ ಪ್ರತ್ಯಯಗಳೂ ಇಲ್ಲ. ನಾಮಪದದ ಹಿಂದೆ ನಿರ್ದಿಷ್ಟಾರ್ಥದಲ್ಲಿ ‘ಲೆ’, ಅನಿರ್ದಿಷ್ಟಾರ್ಥದಲ್ಲಿ ‘ಉನ್’ ಎಂಬ ಉಪಪದಗಳು ಬರುತ್ತವೆ. ‘ಲೆ ಕಾಸ’ ಎಂದರೆ ಆ ಮನೆ, ‘ಉನ್ ಕಾಸ’ ಎಂದರೆ ಒಂದು ಮನೆ. ಬಹುವಚನಕ್ಕೆ ಸ್ವರಾಂತ ಪದಗಳಿಗೆ ‘ಸ್’, ವ್ಯಂಜನಾಂತ ಪದಗಳಿಗೆ ‘ಎಸ್’ ಸೇರುತ್ತದೆ. ಕಾಸ, ಕಾಸಸ್. ಫ್ಲೋರ್ (ಹೂವು), ಫ್ಲೋರೆಸ್ (ಹೂವುಗಳು).

ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಮಾಡುವ ಕೆಲಸವನ್ನು ಇಲ್ಲಿ ನಾಮಪದದ ಹಿಂದೆ ನಿಲ್ಲುವ ಸಂಬಂಧಸೂಚಕ ಪದಗಳು ಮಾಡುತ್ತವೆ.

- ‘ದೆ’ ಎಂದರೆ ಷಷ್ಠಿ ವಿಭಕ್ತಿಯ ‘ಅ’ ಪ್ರತ್ಯಯದ ಅರ್ಥ. ಇದು ‘ಲೆ’ಯೊಡನೆ ಕೂಡಿ ‘ದೆಲ್’ ಆಗುತ್ತದೆ. ‘ಆಕ್ವ ದೆಲ್ ಫ್ಲೂವಿಯೊ’ ಎಂದರೆ ನದಿಯ ನೀರು.
- ‘ಆ’ ಎಂದರೆ ಚತುರ್ಥಿಯ ‘ಗೆ, ಕ್ಕೆ’. ಇದು ‘ಲೆ’ಯೊಡನೆ ‘ಆಲ್’ ಆಗುತ್ತದೆ.
- ‘ಇನ್’ ಎಂದರೆ ಸಪ್ತಮಿಯ ‘ಅಲ್ಲಿ’.
- ‘ಪೆರ್’ ಎಂದರೆ ‘ಮೂಲಕ’, ‘ಇಂದ’.
- ‘ಕುನ್’ ಎಂದರೆ ‘ಒಡನೆ, ಜೊತೆ’.

ವಿಶೇಷಣಗಳು ಲಿಂಗ, ವಚನಗಳಿಗೆ ಅನುಗುಣವಾಗಿ ಬದಲಾಗುವುದಿಲ್ಲ. ಅವು ನಾಮಪದದ ಮುಂದೆಯೂ ಹಿಂದೆಯೂ ಬರಬಹುದು. ‘ಫ್ಲೋರ್ ಬೆಲ್ಲೆ’ ಎಂದರೆ ಸುಂದರ ಹೂವು. ‘ಫ್ಲೋರೆಸ್ ಬೆಲ್ಲೆ’ ಎಂದರೆ ಸುಂದರ ಹೂವುಗಳು. ಹೋಲಿಕೆಗೆ ‘ಪ್ಲುಸ್’ (ಹೆಚ್ಚು), ‘ಮೀನುಸ್’ (ಕಡಿಮೆ) ಎಂಬ ಪದಗಳನ್ನು ಬಳಸುತ್ತಾರೆ. ವಿಶೇಷಣಕ್ಕೆ ‘ಮೆಂತೆ’ ಸೇರಿಸಿದರೆ ಕ್ರಿಯಾವಿಶೇಷಣವಾಗುತ್ತದೆ. ‘ರಾಪಿದೆ’ ಎಂದರೆ ವೇಗದ, ‘ರಾಪಿದೆಮೆಂತೆ’ ಎಂದರೆ ವೇಗವಾಗಿ.

ಸರ್ವನಾಮ

‘ಈಯೊ’ (ನಾನು), ‘ತು’ (ನೀನು), ‘ಇಲ್ಲೆ’ (ಅವನು), ‘ಇಲ್ಲ’ (ಅವಳು), ‘ಇಲ್ಲೊ’ (ಅದು), ‘ನೋಸ್’ (ನಾವು), ‘ವೋಸ್’ (ನೀವು) ಎಂಬವು ಮುಖ್ಯ ಸರ್ವನಾಮಗಳು. ಕನ್ನಡದಲ್ಲಿ ಗೌರವಾರ್ಥಕ್ಕೆ ‘ನೀವು’ ಬಳಸುವಂತೆ ಇಲ್ಲಿಯೂ ಒಬ್ಬರನ್ನೇ ಉದ್ದೇಶಿಸಿ ‘ವೋಸ್’ ಬಳಸಬಹುದು. ಲಿಪ್ಯಂತರದಲ್ಲಿ ‘ಅವಳು’ ಎಂಬರ್ಥದ ‘ಇಲ್ಲ’ವು ಕನ್ನಡದ ನಿಷೇಧಾರ್ಥಕ ‘ಇಲ್ಲ’ದಂತೆಯೇ ಕಾಣುತ್ತದೆ. ಇವೆರಡಕ್ಕೂ ಸಂಬಂಧವಿಲ್ಲ. ಇಂಟರ್‌ಲಿಂಗ್ವಾದ ನಿಷೇಧಪದ ‘ನೋನ್’. ಹೀಗಾಗಿ ‘ಇಲ್ಲ ನೋನ್ ಪಾರ್ಲ’ ಎಂದರೆ ‘ಅವಳು ಮಾತನಾಡುವುದಿಲ್ಲ’ ಎಂದು ಅರ್ಥ.

ಕ್ರಿಯಾಪದ

ಕ್ರಿಯಾಪದಗಳ ಮೂಲರೂಪಗಳು ‘ಆರ್’, ‘ಏರ್’, ‘ಈರ್’ ಎಂಬ ಮೂರು ಬಗೆಯ ಅಂತ್ಯಗಳನ್ನು ಹೊಂದಿವೆ. ಪಾರ್ಲಾರ್ (ಮಾತನಾಡು), ವಿದೇರ್ (ನೋಡು), ಔದೀರ್ (ಕೇಳು) ಇವು ಮೂರು ಮಾದರಿಗಳು. ಕಾಲರೂಪಗಳು ಹೀಗಿವೆ.

- ವರ್ತಮಾನ: ಕೊನೆಯ ‘ರ್’ ಲೋಪವಾಗುತ್ತದೆ. ಪಾರ್ಲ, ವೀದೆ, ಔದಿ.
- ಭೂತ: ‘ವ’ ಸೇರುತ್ತದೆ. ಪಾರ್ಲಾವ, ವಿದೇವ, ಔದೀವ.
- ಭವಿಷ್ಯತ್: ಒತ್ತುಳ್ಳ ‘ರಾ’ ಸೇರುತ್ತದೆ. ಪಾರ್ಲರಾ, ವಿದೆರಾ, ಔದಿರಾ.
- ಸಂಭಾವನಾರ್ಥ: ‘ರೇಯ’ ಸೇರುತ್ತದೆ. ಪಾರ್ಲರೇಯ, ವಿದೆರೇಯ, ಔದಿರೇಯ.
- ವರ್ತಮಾನ ಕೃದಂತ: ಪಾರ್ಲಾಂತೆ, ವಿದೇಂತೆ, ಔದಿಯೇಂತೆ.
- ಭೂತ ಕೃದಂತ: ಪಾರ್ಲಾತೆ, ವಿದೀತೆ, ಔದೀತೆ.

ಕರ್ತೃವಿನ ಪುರುಷ, ಲಿಂಗ, ವಚನಗಳಿಂದ ಕ್ರಿಯಾಪದ ಬದಲಾಗುವುದಿಲ್ಲ. ಕನ್ನಡದಲ್ಲಿ ‘ನೋಡಿದೆನು, ನೋಡಿದೆ, ನೋಡಿದನು, ನೋಡಿದಳು, ನೋಡಿತು, ನೋಡಿದೆವು, ನೋಡಿದರು, ನೋಡಿದವು’ ಎಂದು ಹಲವು ರೂಪಗಳಿದ್ದರೆ ಇಲ್ಲಿ ಎಲ್ಲಕ್ಕೂ ‘ವಿದೇವ’ ಒಂದೇ. ಇದರ ಪರಿಣಾಮವಾಗಿ ಕರ್ತೃಪದವನ್ನು ಬಿಡುವಂತಿಲ್ಲ. ಕನ್ನಡದಲ್ಲಿ ‘ಬಂದಳು’ ಎಂದರೆ ಪೂರ್ಣ ವಾಕ್ಯವಾಗುತ್ತದೆ. ಇಂಟರ್‌ಲಿಂಗ್ವಾದಲ್ಲಿ ‘ಇಲ್ಲ ವೆನೀವ’ ಎಂದೇ ಹೇಳಬೇಕು. ಕರ್ತೃವಿಲ್ಲದ ಕ್ರಿಯೆಗೆ ‘ಇಲ್’ ಎಂಬ ಪದ ಕರ್ತೃಸ್ಥಾನದಲ್ಲಿ ನಿಲ್ಲುತ್ತದೆ. ಮಳೆ ಬರುತ್ತದೆ ಎನ್ನಲು ‘ಇಲ್ ಪ್ಲೂವೆ’, ಮಳೆ ಬಂದಿತು ಎನ್ನಲು ‘ಇಲ್ ಪ್ಲುವೇವ’.

‘ಎಸ್ಸೇರ್’ (ಇರು), ‘ಹಬೇರ್’ (ಹೊಂದಿರು), ‘ವಾದೇರ್’ (ಹೋಗು) ಎಂಬ ಮೂರು ಧಾತುಗಳಿಗೆ ವರ್ತಮಾನದಲ್ಲಿ ಎಸ್, ಹಾ, ವಾ ಎಂಬ ಹ್ರಸ್ವರೂಪಗಳಿವೆ. ಕರ್ಮಣಿ ಪ್ರಯೋಗವು ‘ಎಸ್ಸೇರ್’ ಮತ್ತು ಭೂತ ಕೃದಂತಗಳ ಸಂಯೋಗದಿಂದ ಆಗುತ್ತದೆ.

ಪದಕ್ರಮವು ಕರ್ತೃ, ಕ್ರಿಯೆ, ಕರ್ಮ ಎಂಬ ಅನುಕ್ರಮದಲ್ಲಿದೆ. ‘ಈಯೊ ಬೀಬೆ ಕಾಫೆ’ ಎಂದರೆ ‘ನಾನು ಕಾಫಿ ಕುಡಿಯುತ್ತೇನೆ’. ಕನ್ನಡದಲ್ಲಿ ಕ್ರಿಯೆ ವಾಕ್ಯದ ಕೊನೆಗೆ ಬರುತ್ತದೆ. ಇನ್ನೊಂದು ಮುಖ್ಯ ವ್ಯತ್ಯಾಸ ಸಂಬಂಧವಾಚಕ ಉಪವಾಕ್ಯದಲ್ಲಿದೆ. ‘ನಿನ್ನೆ ಬಂದ ಮನುಷ್ಯ’ ಎಂದು ಕನ್ನಡವು ಕೃದಂತವನ್ನು ನಾಮಪದದ ಹಿಂದೆ ಇಡುತ್ತದೆ. ಇಂಟರ್‌ಲಿಂಗ್ವಾವು ‘ಲೆ ಹೋಮಿನೆ ಕಿ ವೆನೀವ ಹೇರಿ’, ಎಂದರೆ ‘ಯಾವ ಮನುಷ್ಯನು ನಿನ್ನೆ ಬಂದನೋ’ ಎಂಬ ಕ್ರಮವನ್ನು ಅನುಸರಿಸುತ್ತದೆ.

ಪದರಚನೆ

ಇಂಟರ್‌ಲಿಂಗ್ವಾದ ಹಲವು ಧಾತುಗಳಿಗೆ ಎರಡು ರೂಪಗಳಿವೆ. ‘ಸ್ಕ್ರಿಬೇರ್’ ಎಂದರೆ ಬರೆ. ಆದರೆ ಬರಹಗಾರನಿಗೆ ‘ಸ್ಕ್ರಿಪ್ತೋರ್’, ಬರವಣಿಗೆಗೆ ‘ಸ್ಕ್ರಿಪ್ತೂರ’. ಹಾಗೆಯೇ ‘ಆಗೇರ್’ (ಮಾಡು, ವರ್ತಿಸು) ಎಂಬುದರಿಂದ ‘ಆಕ್ತೋರ್’ (ನಟ, ಮಾಡುವವನು) ಎಂಬ ಪದ ಬರುತ್ತದೆ. ಇಂತಹ ದ್ವಿರೂಪಗಳು ಕನ್ನಡಿಗರಿಗೆ ಅಪರಿಚಿತವಲ್ಲ. ಬರು–ಬಂದ, ತರು–ತಂದ, ಕೊಡು–ಕೊಟ್ಟ ಎಂಬಲ್ಲಿ ಕನ್ನಡದ ಧಾತುಗಳೂ ರೂಪ ಬದಲಾಯಿಸುತ್ತವೆ. ಎಸ್ಪೆರಾಂಟೊ ಭಾಷೆಯು ಇಂತಹ ಅಕ್ರಮಗಳನ್ನು ಸಂಪೂರ್ಣವಾಗಿ ನಿವಾರಿಸುತ್ತದೆ. ಅದರಲ್ಲಿ ಧಾತು ಬದಲಾಗುವುದಿಲ್ಲ, ನಿಯಮಕ್ಕೆ ಅಪವಾದವಿಲ್ಲ. ಇಂಟರ್‌ಲಿಂಗ್ವಾವು ಕ್ರಮಬದ್ಧತೆಗಿಂತ ಪರಿಚಿತತೆಗೆ ಹೆಚ್ಚು ಬೆಲೆ ಕೊಡುತ್ತದೆ. ಎರಡೂ ಭಾಷೆಗಳ ನಡುವಿನ ತಾತ್ವಿಕ ಭೇದವಿರುವುದು ಇಲ್ಲಿಯೇ. ಮೊದಲನೆಯದು ಕಲಿಯುವವನನ್ನು ಗಮನದಲ್ಲಿಟ್ಟರೆ ಎರಡನೆಯದು ಓದುವವನನ್ನು ಗಮನದಲ್ಲಿಟ್ಟಿದೆ.

ಶಬ್ದಸಂಪತ್ತು ಮತ್ತು ಭಾರತೀಯ ಭಾಷೆಗಳು

ಲ್ಯಾಟಿನ್ ಮತ್ತು ಸಂಸ್ಕೃತಗಳು ಇಂಡೋ–ಯುರೋಪಿಯನ್ ಭಾಷಾಕುಟುಂಬಕ್ಕೆ ಸೇರಿದವು. ಆದ್ದರಿಂದ ಇಂಟರ್‌ಲಿಂಗ್ವಾದ ಮೂಲಭೂತ ಪದಗಳಲ್ಲಿ ಕೆಲವು ಸಂಸ್ಕೃತದ ಸಜಾತೀಯ ಪದಗಳಾಗಿವೆ. ದೂವೊ (ದ್ವಿ), ತ್ರೇಸ್ (ತ್ರಿ), ಸೆಪ್ತೆ (ಸಪ್ತ), ಓಕ್ತೊ (ಅಷ್ಟ), ನೋವೆಮ್ (ನವ), ಪಾತ್ರೆ (ಪಿತೃ), ಮಾತ್ರೆ (ಮಾತೃ), ನೋಮಿನೆ (ನಾಮ), ದೇಂತೆ (ದಂತ), ಪೇದೆ (ಪಾದ) ಮುಂತಾದವು ಉದಾಹರಣೆಗಳು. ‘ನೋಡು’ ಎಂಬರ್ಥದ ‘ವಿದೇರ್’ ಮತ್ತು ‘ತಿಳಿ’ ಎಂಬರ್ಥದ ಸಂಸ್ಕೃತದ ‘ವಿದ್’ ಧಾತುಗಳು ಒಂದೇ ಮೂಲದವು. ವಿದ್ಯೆ, ವೇದ ಎಂಬ ಪದಗಳು ಈ ಧಾತುವಿನಿಂದ ಬಂದಿವೆ. ಸಂಸ್ಕೃತ ಅಧ್ಯಯನದ ದೀರ್ಘ ಪರಂಪರೆಯುಳ್ಳ ಶೃಂಗೇರಿಯಂತಹ ಕ್ಷೇತ್ರದ ವಿದ್ಯಾರ್ಥಿಗೆ ಈ ಸಾಮ್ಯಗಳು ಸುಲಭವಾಗಿ ಗೋಚರಿಸಬಹುದು. ಒಂದು, ಎರಡು, ತಂದೆ, ತಾಯಿ, ಹಲ್ಲು, ಕಾಲು ಎಂಬ ಕನ್ನಡದ ಸ್ವಂತ ಪದಗಳಿಗೆ ಮಾತ್ರ ಇವುಗಳೊಂದಿಗೆ ಯಾವ ನಂಟೂ ಇಲ್ಲ.

ಇನ್ನು ಕೆಲವು ಪದಗಳು ವ್ಯಾಪಾರದ ಮೂಲಕ ಭಾರತದಿಂದ ಯುರೋಪಿಗೆ ಹೋಗಿ, ಅಲ್ಲಿಂದ ಇಂಟರ್‌ಲಿಂಗ್ವಾವನ್ನು ಸೇರಿವೆ. ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಮುಖ್ಯ ಬೆಳೆಗಳಾದ ಅಡಿಕೆ ಮತ್ತು ಕಾಳುಮೆಣಸುಗಳ ಹೆಸರುಗಳು ಇದಕ್ಕೆ ಒಳ್ಳೆಯ ಉದಾಹರಣೆ. ಅಡಿಕೆಗೆ ಬಳಸುವ ‘ಆರೇಕ’ ಎಂಬ ಪದವು ಪೋರ್ಚುಗೀಸರು ಮಲಯಾಳದ ‘ಅಡಯ್ಕ’ ಎಂಬುದರಿಂದ ಪಡೆದದ್ದು. ಇದು ಕನ್ನಡದ ‘ಅಡಕೆ’ಯ ಸೋದರ ಪದ. ಮೆಣಸಿಗೆ ಬಳಸುವ ‘ಪೀಪೆರೆ’ಯು ಲ್ಯಾಟಿನ್ ಮತ್ತು ಗ್ರೀಕ್‌ಗಳ ಮೂಲಕ ಸಂಸ್ಕೃತದ ‘ಪಿಪ್ಪಲೀ’ಯನ್ನು ತಲುಪುತ್ತದೆ. ಸಕ್ಕರೆಗೆ ಬಳಸುವ ‘ಸೂಕ್ರೊ’ದ ಹಿಂದೆ ‘ಶರ್ಕರಾ’ ಇದೆ. ಹೀಗೆ ರೋಮಾನ್ಸ್ ಮೂಲದ್ದೆಂದು ಕಾಣುವ ಶಬ್ದಕೋಶದಲ್ಲಿಯೂ ಪಶ್ಚಿಮ ಘಟ್ಟದ ತೋಟಗಳ ಪದಗಳು ಸೇರಿಕೊಂಡಿವೆ.

ಇದರ ವಿರುದ್ಧ ದಿಕ್ಕಿನಲ್ಲಿ, ಪೋರ್ಚುಗೀಸ್ ಭಾಷೆಯಿಂದ ಕನ್ನಡಕ್ಕೆ ಬಂದ ಪದಗಳಿವೆ. ಅವುಗಳಲ್ಲಿ ಕೆಲವು ಇಂಟರ್‌ಲಿಂಗ್ವಾದ ಪದಗಳಿಗೆ ಹತ್ತಿರವಾಗಿವೆ. ಚಾವಿಗೆ ‘ಕ್ಲಾವೆ’, ಅಲಮಾರಿಗೆ ‘ಆರ್ಮಾರಿಯೊ’, ಬಟಾಟೆಗೆ ‘ಪತಾತ’, ಅನಾನಸಿಗೆ ‘ಅನಾನಾಸ್’ ಎನ್ನುತ್ತಾರೆ. ಎಲ್ಲ ಪದಗಳೂ ಹೀಗೆ ಹೊಂದುವುದಿಲ್ಲ. ಮೇಜು ಎಂಬುದು ಪೋರ್ಚುಗೀಸ್ ಪದದಿಂದಲೇ ಬಂದಿದ್ದರೂ ಇಂಟರ್‌ಲಿಂಗ್ವಾದಲ್ಲಿ ಮೇಜಿಗೆ ‘ತಾಬುಲ’ ಎನ್ನುತ್ತಾರೆ. ಪಾದ್ರಿ ಎಂಬ ಪದದ ಬಂಧು ‘ಪಾತ್ರೆ’ಗೆ ಅಲ್ಲಿ ತಂದೆ ಎಂಬುದು ಸಾಮಾನ್ಯ ಅರ್ಥ. ಇಗರ್ಜಿಗೆ ‘ಎಕ್ಲೇಸಿಯ’ ಎಂಬ ಪದವಿದೆ. ಇಂಗ್ಲಿಷ್ ಮೂಲಕ ಕನ್ನಡದಲ್ಲಿ ನೆಲೆಸಿರುವ ರೇಡಿಯೋ, ಫೋಟೋ, ಮೋಟಾರ್, ಡಾಕ್ಟರ್ ಮುಂತಾದ ಪದಗಳು ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಇಂಟರ್‌ಲಿಂಗ್ವಾದಲ್ಲಿಯೂ ಇವೆ.

ಮಾದರಿ ವಾಕ್ಯಗಳು

ಕೆಳಗಿನ ವಾಕ್ಯಗಳು ಮೇಲೆ ವಿವರಿಸಿದ ವ್ಯಾಕರಣದ ಬಳಕೆಯನ್ನು ತೋರಿಸುತ್ತವೆ.

- ಲೆ ಫ್ಲೂವಿಯೊ ತುಂಗಾ ಪಾಸ್ಸ ಪೆರ್ ಶೃಂಗೇರಿ. (ತುಂಗಾ ನದಿಯು ಶೃಂಗೇರಿಯ ಮೂಲಕ ಹಾದುಹೋಗುತ್ತದೆ.)
- ಲೆ ಆಕ್ವ ದೆಲ್ ಫ್ಲೂವಿಯೊ ಎಸ್ ಕ್ಲಾರ್. (ನದಿಯ ನೀರು ತಿಳಿಯಾಗಿದೆ.)
- ಇನ್ ಲೆ ಉರ್ಬೆ ಇಲ್ ಹಾ ಉನ್ ತೆಂಪ್ಲೊ ದೆ ಪೇತ್ರ. (ಪಟ್ಟಣದಲ್ಲಿ ಒಂದು ಕಲ್ಲಿನ ದೇವಾಲಯವಿದೆ.)
- ಲೆ ಪ್ಲೂವಿಯ ಕೊಮೆಂತ್ಸಿಯ ಇನ್ ಜೂನಿಯೊ. (ಮಳೆಯು ಜೂನ್‌ನಲ್ಲಿ ಆರಂಭವಾಗುತ್ತದೆ.)

ಮೊದಲ ವಾಕ್ಯವನ್ನು ಓದಿದ ಇಟಲಿ ಅಥವಾ ಸ್ಪೇನಿನ ಓದುಗನಿಗೆ ‘ತುಂಗಾ’ ಮತ್ತು ‘ಶೃಂಗೇರಿ’ ಎಂಬ ಅಂಕಿತನಾಮಗಳು ಮಾತ್ರ ಹೊಸವು. ಶೃಂಗೇರಿಯ ಓದುಗನಿಗೆ ಆ ಎರಡು ಅಂಕಿತನಾಮಗಳು ಮಾತ್ರ ಪರಿಚಿತ.

ಬಳಕೆ

1950 ಮತ್ತು 1960ರ ದಶಕಗಳಲ್ಲಿ ಇಂಟರ್‌ಲಿಂಗ್ವಾವು ವಿಜ್ಞಾನದ ಕ್ಷೇತ್ರದಲ್ಲಿ ಗಮನಾರ್ಹ ಬಳಕೆ ಕಂಡಿತು. 1952ರಲ್ಲಿ ‘ಸ್ಪೆಕ್ಟ್ರೋಸ್ಕೋಪಿಯ ಮೊಲೆಕುಲಾರ್’ ಎಂಬ ಪತ್ರಿಕೆ ಈ ಭಾಷೆಯಲ್ಲಿ ಆರಂಭವಾಯಿತು. 1954ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಎರಡನೆಯ ವಿಶ್ವ ಹೃದ್ರೋಗ ಸಮ್ಮೇಳನದಲ್ಲಿ ಪ್ರಬಂಧಗಳ ಸಾರಾಂಶಗಳನ್ನು ಇಂಟರ್‌ಲಿಂಗ್ವಾದಲ್ಲಿ ಒದಗಿಸಲಾಯಿತು. ರಕ್ತಶಾಸ್ತ್ರದ ‘ಬ್ಲಡ್’ ಸೇರಿದಂತೆ ಹಲವು ವೈದ್ಯಕೀಯ ನಿಯತಕಾಲಿಕಗಳು ಇಂಗ್ಲಿಷ್ ಲೇಖನಗಳ ಕೊನೆಗೆ ಇಂಟರ್‌ಲಿಂಗ್ವಾ ಸಾರಾಂಶಗಳನ್ನು ಮುದ್ರಿಸುತ್ತಿದ್ದವು. ವೈದ್ಯಕೀಯ ಪರಿಭಾಷೆಯು ಬಹುತೇಕ ಲ್ಯಾಟಿನ್ ಮತ್ತು ಗ್ರೀಕ್ ಮೂಲದ್ದಾಗಿರುವುದರಿಂದ ಈ ಕ್ಷೇತ್ರದಲ್ಲಿ ಭಾಷೆಯು ಸುಲಭವಾಗಿ ಹೊಂದಿಕೊಂಡಿತು. ದಕ್ಷಿಣ ಅಮೆರಿಕದ ಅಥವಾ ಇಟಲಿಯ ವೈದ್ಯನೊಬ್ಬನಿಗೆ ಇಂಗ್ಲಿಷ್ ಬಾರದಿದ್ದರೂ ಲೇಖನದ ತಿರುಳು ದೊರೆಯುತ್ತಿತ್ತು.

ಅಂತರರಾಷ್ಟ್ರೀಯ ಸಹಾಯಕ ಭಾಷಾ ಸಂಘವು 1953ರಲ್ಲಿ ತನ್ನ ಕಾರ್ಯವನ್ನು ನಿಲ್ಲಿಸಿತು. 1955ರಲ್ಲಿ ಫ್ರಾನ್ಸಿನ ತೂರ್ ನಗರದಲ್ಲಿ ‘ಉನಿಯೋನ್ ಮುಂದಿಯಾಲ್ ಪ್ರೊ ಇಂಟರ್‌ಲಿಂಗ್ವಾ’ ಎಂಬ ವಿಶ್ವ ಸಂಘಟನೆ ಸ್ಥಾಪನೆಯಾಯಿತು. ಗೋಡೆ ಅವರು 1970ರಲ್ಲಿ ನಿಧನರಾದರು. ವಿಜ್ಞಾನದ ಪ್ರಕಟಣೆಯಲ್ಲಿ ಇಂಗ್ಲಿಷ್ ಪ್ರಾಬಲ್ಯ ಪಡೆದಂತೆ ಸಾರಾಂಶಗಳ ಪದ್ಧತಿಯೂ ಹಿಂದೆ ಸರಿಯಿತು. ಇಂದು ಇಂಟರ್‌ಲಿಂಗ್ವಾ ಮುಖ್ಯವಾಗಿ ಆಸಕ್ತರ ಸಂಘಟನೆಗಳು, ನಿಯತಕಾಲಿಕಗಳು ಹಾಗೂ ಅಂತರಜಾಲದ ಮೂಲಕ ಬಳಕೆಯಲ್ಲಿದೆ. ವಿಕಿಪೀಡಿಯದ ಒಂದು ಆವೃತ್ತಿಯೂ ಈ ಭಾಷೆಯಲ್ಲಿದೆ.

ಟೀಕೆ

ಇಂಟರ್‌ಲಿಂಗ್ವಾದ ಮೇಲಿನ ಮುಖ್ಯ ಆಕ್ಷೇಪ ಅದರ ಯುರೋಪ್‌ಕೇಂದ್ರಿತತೆ. ಆಕರ ಭಾಷೆಗಳೆಲ್ಲ ಯುರೋಪಿನವು. ಆರಿಸುವ ನಿಯಮ ನಿಷ್ಪಕ್ಷಪಾತವಾಗಿದ್ದರೂ ಆರಿಸಲು ಮುಂದಿಟ್ಟ ಭಾಷೆಗಳ ಪಟ್ಟಿಯೇ ಫಲಿತಾಂಶವನ್ನು ನಿರ್ಧರಿಸುತ್ತದೆ. ಕನ್ನಡವನ್ನು ಆಕರ ಭಾಷೆಯಾಗಿ ಸೇರಿಸಿದ್ದರೆ ಏನಾಗುತ್ತಿತ್ತು ಎಂದು ಊಹಿಸಿದರೆ ಇದು ಸ್ಪಷ್ಟವಾಗುತ್ತದೆ. ಕನ್ನಡದಲ್ಲಿ ‘ಲೆ’ಗೆ ಸಮನಾದ ಉಪಪದವಿಲ್ಲ, ಆದ್ದರಿಂದ ಅದು ಬಿದ್ದುಹೋಗುತ್ತಿತ್ತು. ‘ಎರಡು ಮರ’, ‘ಹತ್ತು ತೆಂಗಿನಕಾಯಿ’ ಎಂದು ಕನ್ನಡದಲ್ಲಿ ಏಕವಚನವನ್ನೇ ಬಳಸಬಹುದಾದ್ದರಿಂದ ಸಂಖ್ಯೆಯ ನಂತರದ ಬಹುವಚನ ಪ್ರತ್ಯಯವೂ ಕಡ್ಡಾಯವಾಗಿ ಉಳಿಯುತ್ತಿರಲಿಲ್ಲ. ನಾಮಪದದ ಹಿಂದೆ ನಿಲ್ಲುವ ‘ದೆ’, ‘ಇನ್’ ಮುಂತಾದ ಸಂಬಂಧಸೂಚಕಗಳು ಕನ್ನಡದಲ್ಲಿಲ್ಲ. ಸರ್ವಾನುಮತದ ನಿಯಮವನ್ನು ಅಷ್ಟು ದೂರ ಕೊಂಡೊಯ್ದರೆ ಭಾಷೆಯೇ ಉಳಿಯುವುದಿಲ್ಲ. ಹೀಗಾಗಿ ಈ ವಿಧಾನವು ಪರಸ್ಪರ ಹತ್ತಿರದ ಭಾಷೆಗಳ ನಡುವೆ ಮಾತ್ರ ಕೆಲಸ ಮಾಡಬಲ್ಲದು.

ಇಂಟರ್‌ಲಿಂಗ್ವಾದ ಪರ ವಹಿಸುವವರು ಇದಕ್ಕೆ ಎರಡು ಉತ್ತರ ಕೊಡುತ್ತಾರೆ. ಲ್ಯಾಟಿನ್ ಮೂಲದ ಶಾಸ್ತ್ರೀಯ ಪದಗಳು ಯುರೋಪನ್ನು ಮೀರಿ ಜಗತ್ತಿನ ಅನೇಕ ಭಾಷೆಗಳಲ್ಲಿ ಹರಡಿವೆ ಎಂಬುದು ಮೊದಲನೆಯದು. ಯುರೋಪಿನ ಭಾಷೆಯೊಂದನ್ನು ಕಲಿಯಲೇಬೇಕಾದವರಿಗೆ ಇಂಗ್ಲಿಷ್ ಅಥವಾ ಫ್ರೆಂಚ್‌ಗಿಂತ ಇದು ಬಹಳ ಸುಲಭ ಎಂಬುದು ಎರಡನೆಯದು. ಈ ಎರಡನೆಯ ಮಾತಿನಲ್ಲಿ ಹುರುಳಿದೆ. ಕ್ರಿಯಾಪದದ ರೂಪಗಳು, ಬಹುವಚನ, ವಿಶೇಷಣಗಳ ನಿಯಮಗಳು ಮೇಲೆ ತೋರಿಸಿದಂತೆ ಕೆಲವೇ ಪುಟಗಳಲ್ಲಿ ಮುಗಿಯುತ್ತವೆ. ಆದರೆ ಸ್ಪೇನಿನವನಿಗೆ ಕಲಿಯದೆ ದೊರೆಯುವ ಓದು ಕನ್ನಡಿಗನಿಗೆ ಕಲಿತ ನಂತರವೇ ದೊರೆಯುತ್ತದೆ. ‘ನೋಡಿದೊಡನೆ ಅರ್ಥವಾಗುವ ಭಾಷೆ’ ಎಂಬ ವಿವರಣೆಯು ಓದುಗನ ಮಾತೃಭಾಷೆಯನ್ನು ಅವಲಂಬಿಸಿದೆ.

ಭಾರತದಲ್ಲಿ ಇದಕ್ಕೆ ಸಮಾನಾಂತರವಾದ ಸ್ಥಿತಿಯೊಂದಿದೆ. ಕನ್ನಡ, ತೆಲುಗು, ಮಲಯಾಳ, ಮರಾಠಿ, ಬಂಗಾಳಿಗಳು ವಿಜ್ಞಾನ ಮತ್ತು ಆಡಳಿತದ ಪಾರಿಭಾಷಿಕ ಪದಗಳನ್ನು ಬಹುವಾಗಿ ಸಂಸ್ಕೃತದಿಂದ ಕಟ್ಟಿಕೊಂಡಿವೆ. ಆ ತತ್ಸಮ ಪದಗಳ ಬಲದಿಂದ ಒಂದು ಭಾಷೆಯ ಓದುಗ ಇನ್ನೊಂದರ ಶಾಸ್ತ್ರಲೇಖನದ ವಿಷಯವನ್ನು ಊಹಿಸಬಲ್ಲ. ಆದರೆ ಅಂತಹ ಪದಗಳ ಪರಿಚಯವಿಲ್ಲದ ಓದುಗನಿಗೆ ಅವು ಅಷ್ಟೇ ದೂರದವು.

ಸಾಮಾನ್ಯ ಭಾಷೆಯ ಅಗತ್ಯವನ್ನು ಜನರು ಬೇರೆ ರೀತಿಯಲ್ಲಿಯೂ ಪೂರೈಸಿಕೊಂಡಿದ್ದಾರೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸಂತೆ, ಬಸ್ ನಿಲ್ದಾಣಗಳಲ್ಲಿ ಕನ್ನಡದ ಜೊತೆಗೆ ತುಳು, ಕೊಂಕಣಿ, ಮಲಯಾಳ, ಬ್ಯಾರಿ, ಉರ್ದು ಭಾಷೆಗಳನ್ನಾಡುವವರು ಸೇರುತ್ತಾರೆ. ಅವರ ನಡುವಿನ ವ್ಯವಹಾರ ಕನ್ನಡದಲ್ಲಿ ನಡೆಯುತ್ತದೆ. ಇಲ್ಲಿ ಸಂಪರ್ಕ ಭಾಷೆಯು ಯಾರೂ ರಚಿಸಿಕೊಟ್ಟದ್ದಲ್ಲ, ಆ ನೆಲದಲ್ಲಿ ಹೆಚ್ಚು ಜನ ಆಡುವ ಭಾಷೆಯನ್ನು ಉಳಿದವರು ಕಲಿತದ್ದು. ಜಾಗತಿಕ ಮಟ್ಟದಲ್ಲಿ ಇಂಗ್ಲಿಷ್ ಪಡೆದ ಸ್ಥಾನಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ಇಂಗ್ಲಿಷನ್ನು ನೆರೆಹೊರೆಯಿಂದ ಕಲಿಯಲಾಗದು, ಶಾಲೆಯಲ್ಲಿ ಕಲಿಯಬೇಕು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರು ವಿದ್ಯಾರ್ಥಿದೆಸೆಯಲ್ಲಿ ಇಂಗ್ಲಿಷ್‌ನಲ್ಲಿ ಕವಿತೆಗಳನ್ನು ಬರೆಯುತ್ತಿದ್ದರು. ಮೈಸೂರಿನಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರ ಸಲಹೆಯ ಮೇರೆಗೆ ಕನ್ನಡದಲ್ಲಿ ಬರೆಯತೊಡಗಿದ ಅವರು ಮುಂದೆ ಮಾತೃಭಾಷಾ ಮಾಧ್ಯಮದ ಶಿಕ್ಷಣವನ್ನು ಬಲವಾಗಿ ಪ್ರತಿಪಾದಿಸಿದರು. ಸಹಾಯಕ ಭಾಷೆಗಳ ಪ್ರತಿಪಾದಕರೂ ತಮ್ಮ ಭಾಷೆ ಮಾತೃಭಾಷೆಯ ಸ್ಥಾನವನ್ನು ಪಡೆಯಬಾರದು, ಅದರ ಪಕ್ಕದಲ್ಲಿ ಎರಡನೆಯದಾಗಿ ಇರಬೇಕು ಎಂದೇ ಹೇಳುತ್ತಾರೆ.

ಇತರ ನಿರ್ಮಿತ ರೋಮಾನ್ಸ್ ಭಾಷೆಗಳು

- ಲಾಟಿನೊ ಸಿನೆ ಫ್ಲೆಕ್ಸಿಯೋನೆ (1903): ಪೆಯಾನೊ ಅವರ ರಚನೆ. ಇದಕ್ಕೂ ಹಿಂದೆ ಇಂಟರ್‌ಲಿಂಗ್ವಾ ಎಂಬ ಹೆಸರು ಬಳಕೆಯಲ್ಲಿತ್ತು. ಎರಡೂ ಬೇರೆ ಬೇರೆ ಭಾಷೆಗಳು.
- ಆಕ್ಸಿಡೆಂಟಲ್ (1922): 1949ರಲ್ಲಿ ಇದರ ಹೆಸರನ್ನು ಇಂಟರ್‌ಲಿಂಗ್ವೆ ಎಂದು ಬದಲಾಯಿಸಲಾಯಿತು.
- ಲಿಂಗ್ವಾ ಫ್ರಾಂಕಾ ನೋವಾ (1998): ಸಿ. ಜಾರ್ಜ್ ಬೋರೆ ಅವರು ರೂಪಿಸಿದ, ಮಿಶ್ರಭಾಷೆಗಳ ಮಾದರಿಯ ಸರಳ ವ್ಯಾಕರಣವುಳ್ಳ ಭಾಷೆ.
- ಬ್ರಿಥೆನಿಗ್ (1996) ಮತ್ತು ವೆನೆಡಿಕ್ (2002): ಇವು ಸಂವಹನಕ್ಕಾಗಿ ರಚಿಸಿದ ಭಾಷೆಗಳಲ್ಲ. ಬ್ರಿಟನ್‌ನಲ್ಲಿ ಲ್ಯಾಟಿನ್ ಉಳಿದು ಬೆಳೆದಿದ್ದರೆ ಅದು ಹೇಗಿರುತ್ತಿತ್ತು ಎಂಬ ಕಲ್ಪನೆಯಿಂದ ಆಂಡ್ರ್ಯೂ ಸ್ಮಿತ್ ಅವರು ಬ್ರಿಥೆನಿಗ್ ಭಾಷೆಯನ್ನು ರಚಿಸಿದರು. ಪೋಲಿಷ್ ಭಾಷೆಯ ಧ್ವನಿ ಪರಿವರ್ತನೆಗಳನ್ನು ಲ್ಯಾಟಿನ್‌ಗೆ ಅನ್ವಯಿಸಿ ಯಾನ್ ವಾನ್ ಸ್ಟೇನ್‌ಬೆರ್ಗೆನ್ ಅವರು ವೆನೆಡಿಕ್ ಭಾಷೆಯನ್ನು ರಚಿಸಿದರು.